ಅಜ್ಜನ ಟ್ರ್ಯಾಕ್ಟರ್‌ಗೆ ಕಂಪನಿ ಬಣ್ಣ ಯಾವುದು?

ಪ್ರಶ್ನೆ: ಸರ್, ನಾನು ಪುಣೆ ಹತ್ತಿರದ ಚಿಂಚವಡದಲ್ಲಿ ಇದ್ದೇನೆ. ನಮ್ಮೂರು ಅಥಣಿ ತಾಲ್ಲೂಕು. ಅಜ್ಜ 1958ರಲ್ಲಿ ತಂದ ಟ್ರ್ಯಾಕ್ಟರ್ ಮನೆ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ನಿಂತಿದೆ. ಎಲ್ಲರೂ ಅದನ್ನು ಮ್ಯಾಸ್ಸಿ ಅನ್ನುತ್ತಾರೆ. ಬಾನೆಟ್, ಮಡ್‌ಗಾರ್ಡ್ ಕೆಂಪು. ಎಂಜಿನ್, ಗೇರ್‌ಬಾಕ್ಸ್ ಬೂದು. ಕಳೆದ ತಿಂಗಳು ಹೋದಾಗ ನೋಡಿದರೆ, ಬಾನೆಟ್ ಮೇಲೆ ಕೆಂಪು ಎದ್ದ ಕಡೆ ಒಳಗೆ ಬೂದು ಕಾಣುತ್ತಿದೆ. ಗೇರ್‌ಬಾಕ್ಸ್ ಮೇಲೆ ಬೂದು ಎದ್ದ ಕಡೆ ತಾಮ್ರದಂಥ ಬಣ್ಣ ಇದೆ. ಕಾಕಾ ಮಾತ್ರ "ಮ್ಯಾಸ್ಸಿ ಅಂದ್ರ ಕೆಂಪs, ನಾ ಸಣ್ಣಾವಿದ್ದಾಗಿಂದ ನೋಡೇನಿ" ಅನ್ನುತ್ತಾರೆ. ಇಲ್ಲಿಯ ಪೇಂಟರ್ ಒಬ್ಬರು ಫೋಟೊ ನೋಡಿ, "ತಾಮ್ರದ್ದು ಪ್ರೈಮರ್, ತಳದ ಬಣ್ಣ. ಬ್ಲಾಸ್ಟಿಂಗ್ ಮಾಡಿಸಿ, ಅಂದರೆ ಮರಳು ಹೊಡೆದು ಹಳೆ ಬಣ್ಣ ತೆಗೆಸಿ, 2ಕೆ ಕೆಂಪು, ಅಂದರೆ ಹಾರ್ಡನರ್ ಬೆರೆಸುವ ಬಣ್ಣ, ಹೊಡೆದರೆ ಶೋರೂಮ್ ಪೀಸ್ ಆಗುತ್ತೆ" ಅಂದರು. ಹಳೆ ಗಾಡಿ ಸಂಗ್ರಹಿಸುವ ಮುಂಬೈಯವರೊಬ್ಬರು ಒರಿಜಿನಲ್ ಬಣ್ಣ ಇದ್ದರೆ ಮಾತ್ರ ಬಂದು ನೋಡುತ್ತೇನೆ ಅಂದರು. ನನಗೆ ಮಾರುವ ಮನಸ್ಸಿಲ್ಲ. ತಳೇಗಾವ ಹತ್ತಿರದ ನಮ್ಮ ತೋಟಕ್ಕೆ ತಂದು ಇಟ್ಟುಕೊಳ್ಳಬೇಕು. ನಿಜವಾದ ಕಂಪನಿ ಬಣ್ಣ ಯಾವುದು ಅಂತ ಹೇಗೆ ತಿಳಿಯೋದು? ಬಣ್ಣ ಹೊಡೆಸಲೋ, ಬೇಡವೋ?

ಉತ್ತರ: ಮೊದಲಿಗೆ ಒಂದು ವಿನಂತಿ. ಯಾರು ಏನೇ ಹೇಳಲಿ, ಸದ್ಯಕ್ಕೆ ಬ್ಲಾಸ್ಟಿಂಗ್‌ಗೆ ಕೊಡಬೇಡಿ. ವೈರ್ ಬ್ರಷ್ ಕೂಡ ಮುಟ್ಟಿಸಬೇಡಿ. ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಆ ಟ್ರ್ಯಾಕ್ಟರ್ ಮೈಮೇಲೇ ಇದೆ. ಬ್ಲಾಸ್ಟಿಂಗ್ ಗನ್ ಅದನ್ನು ಎರಡು ಗಂಟೆಯಲ್ಲಿ ಅಳಿಸಿಹಾಕುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಭೋಸರಿಯಲ್ಲಿ ಹಳೆ ವಾಹನ, ಹಳೆ ಯಂತ್ರಗಳ ಬಣ್ಣದ ಕೆಲಸ ಶುರು ಮಾಡಿದ ಹೊಸದರಲ್ಲಿ ನನ್ನ ಹತ್ತಿರ ಒಂದು ಬೂದು ಫರ್ಗ್ಯೂಸನ್ ಟ್ರ್ಯಾಕ್ಟರ್ ಬಂದಿತ್ತು. ಶುದ್ಧ ಕಬ್ಬಿಣ ಕಾಣುವ ತನಕ ಬ್ಲಾಸ್ಟ್ ಮಾಡಿಸಿದೆ. ಕೆಲಸ ಚೆನ್ನಾಗಿ ಆಯಿತು ಅಂತ ಖುಷಿಯಾಗಿದ್ದೆ. ಮಾಲೀಕರು ಬಂದು, "ಮೊದಲು ಇದ್ದ ಬೂದು ಯಾವುದು? ಅದೇ ಬೂದು ಬೇಕು" ಅಂದರು. ನನ್ನ ಹತ್ತಿರ ಒಂದು ಚಕ್ಕೆ ಬಣ್ಣವೂ ಉಳಿದಿರಲಿಲ್ಲ. ಅಂದಾಜಿನ ಮೇಲೆ ಬೂದು ಕಲಸಿ ಹೊಡೆದೆ. ಆ ದಿನದ ಸಂಕಟ ಇವತ್ತಿಗೂ ನೆನಪಿದೆ. ಅವತ್ತಿನಿಂದ ಯಾವ ಗಾಡಿ ಬಂದರೂ ಮೊದಲ ಎರಡು ದಿನ ಬರೀ ನೋಡುತ್ತೇನೆ.

ಈಗ ನಿಮ್ಮ ವಿಷಯ. ಕೆಂಪಿನ ಕೆಳಗೆ ಬೂದು, ಬೂದಿನ ಕೆಳಗೆ ತಾಮ್ರ ಅಂತ ಓದಿದ ತಕ್ಷಣ ನಾನು ಎದ್ದು ಕುಳಿತೆ. ಯಾಕೆ ಅಂತ ಹೇಳುತ್ತೇನೆ.

ಹ್ಯಾರಿ ಫರ್ಗ್ಯೂಸನ್ ಅವರ ಟಿಇ20 ಟ್ರ್ಯಾಕ್ಟರ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರ ತನಕ ತಯಾರಾಯಿತು. 5 ಲಕ್ಷಕ್ಕೂ ಜಾಸ್ತಿ ಬಂಡಿಗಳು. ಅದು ಮೇಲಿಂದ ಕೆಳಗೆ ಪೂರ್ತಿ ಬೂದು. 1953ರಲ್ಲಿ ಫರ್ಗ್ಯೂಸನ್ ಕಂಪನಿ ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿತು. 1956ರಲ್ಲಿ ಟಿಇ20 ಜಾಗಕ್ಕೆ ಹೊಸ ಎಫ್‌ಇ35 ಬಂತು. ಅದರ ಬಾನೆಟ್, ಮಡ್‌ಗಾರ್ಡ್ ಬೂದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ತಾಮ್ರ-ಚಿನ್ನದ ಮಿನುಗಿನ ಬಣ್ಣ. ಇದನ್ನು ಬಲ್ಲವರು "ಚಿನ್ನದ ಹೊಟ್ಟೆ" ಅಂತಲೇ ಕರೆಯುತ್ತಾರೆ. ಈ ಬಣ್ಣ ಹೆಚ್ಚು ದಿನ ಇರಲಿಲ್ಲ. 1957ರ ಕೊನೆಯ ಹೊತ್ತಿಗೆ ಅದೇ ಟ್ರ್ಯಾಕ್ಟರ್ ಮ್ಯಾಸ್ಸಿ ಫರ್ಗ್ಯೂಸನ್ 35 ಆಯಿತು. ಮೇಲೆ ಕೆಂಪು, ಕೆಳಗೆ ಬೂದು. ನಮ್ಮ ಕಡೆಯವರು ಮ್ಯಾಸ್ಸಿ ಅಂದಾಗ ಕಣ್ಣ ಮುಂದೆ ಬರೋದು ಇದೇ ಜೋಡಿ.

ಹಾಗಾದರೆ ನಿಮ್ಮ ಟ್ರ್ಯಾಕ್ಟರ್ ಮೇಲೆ ಈಗ ಕಾಣುವ ಕೆಂಪು-ಬೂದು ಕೂಡ ಕಂಪನಿಯದೇ ಜೋಡಿ. ಅದರ ಕೆಳಗೆ ಇಣುಕುತ್ತಿರುವ ಬೂದು-ತಾಮ್ರವೂ ಕಂಪನಿಯದೇ ಜೋಡಿ. ಎರಡೂ ನಿಜವಾದ ಬಣ್ಣಗಳೇ. ಆದರೆ ಒಂದು ಗಾಡಿ ಕಾರ್ಖಾನೆಯಿಂದ ಎರಡು ಸಲ ಹೊರಗೆ ಬರೋದಿಲ್ಲ, ಅಲ್ವಾ? ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಬಿಡಿಸಬೇಕು. 1958ರಲ್ಲಿ ಕೊಂಡದ್ದು ಅನ್ನುವುದರಿಂದ ಎರಡಕ್ಕೂ ಅವಕಾಶ ಇದೆ. 1957ರಲ್ಲಿ ತಯಾರಾದ ಗಾಡಿ ಹಡಗು ಹತ್ತಿ ಬಂದು, ಅಥಣಿಯ ಹೊಲ ಸೇರುವಷ್ಟರಲ್ಲಿ ವರ್ಷ ದಾಟಿರಬಹುದು.

ನಿಮ್ಮ ಕಾಕಾ ಸುಳ್ಳು ಹೇಳುತ್ತಿಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಅವರು ಬುದ್ಧಿ ತಿಳಿದಾಗಿನಿಂದ ಅದನ್ನು ಕೆಂಪಾಗಿಯೇ ನೋಡಿರಬಹುದು. ಆದರೆ ಹುಡುಗರಾಗಿದ್ದಾಗ ನೋಡಿದ್ದು 1960ರ ದಶಕದ ಬಣ್ಣ. 1958ರದ್ದು ಏನಿತ್ತು ಅಂತ ಅವರ ನೆನಪು ಹೇಳಲಾರದು. ಆ ದಶಕದಲ್ಲಿ ಏನಾಯಿತು ನೋಡಿ. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಅನ್ನುವ ಟ್ರ್ಯಾಕ್ಟರ್ ಕಂಪನಿ ಶುರುವಾಗಿ ಮ್ಯಾಸ್ಸಿ ಫರ್ಗ್ಯೂಸನ್ ಇಲ್ಲೇ ಸಿಗತೊಡಗಿತು. ಅದು ಕೆಂಪು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಕಂಪನಿ ಕಟ್ಟಿದರು. ಮುಂಬೈಯ ಕಾಂದಿವಲಿಯಿಂದ ಬಿ-275 ಹೊರಗೆ ಬಂತು. ಅದೂ ಕೆಂಪೇ. ಊರೂರಲ್ಲಿ ಟ್ರ್ಯಾಕ್ಟರ್ ಅಂದರೆ ಕೆಂಪು ಅನ್ನುವ ಹಾಗಾಯಿತು. ಪೇಟೆಯ ಪೇಂಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದ ಡಬ್ಬಿಯೂ ಕೆಂಪೇ. ಹಳೆ ಬೂದು ಗಾಡಿಗೆ ಕೆಂಪು ಬಳಿದರೆ ಹೊಸ ಮಾಡೆಲ್ ಹಾಗೆ ಕಾಣುತ್ತಿತ್ತು.

ಇದರ ಮೇಲೆ ನಮ್ಮ ಖಂಡೇನವಮಿ ಇದೆ. ಪೂಜೆಗೆ ಮುಂಚೆ ಗಾಡಿ ತೊಳೆದು, ಒಂದು ಲೀಟರ್ ಆಯಿಲ್ ಪೇಂಟ್ ತಂದು, ಬ್ರಷ್ ಹಿಡಿದು ಮನೆಯವರೇ ಬಳಿಯುವುದು ಎಷ್ಟೋ ಮನೆಗಳಲ್ಲಿ ವಾಡಿಕೆ. ನಾನು ನೋಡಿದ ಸಾಂಗಲಿ, ಮೀರಜ, ಅಥಣಿ ಕಡೆಯ ಕಬ್ಬಿನ ಟ್ರ್ಯಾಕ್ಟರ್‌ಗಳಲ್ಲಿ ಏಳೆಂಟು ಪದರ ಬಣ್ಣ ಸಿಕ್ಕಿದ್ದೂ ಉಂಟು. ಒಂದರ ಬಾನೆಟ್ ಮೇಲೆ ಪದರಗಳ ನಡುವೆ "ಶ್ರೀ ಬಸವೇಶ್ವರ ಪ್ರಸನ್ನ" ಅನ್ನುವ ಅಕ್ಷರಗಳ ಉಬ್ಬು ಬೆರಳಿಗೆ ಸಿಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಆಸೆಯಿಂದ ಮಾಡಿದ ಕೆಲಸ. ನಮಗೆ ಅದೃಷ್ಟ ಅಂದರೆ, ಆ ಬ್ರಷ್ ಕೈಗೆ ಸಿಕ್ಕ ಕಡೆಗೆ ಮಾತ್ರ ಹೋಗಿರುತ್ತದೆ. ಟ್ಯಾಂಕಿನ ಕೆಳಗೆ, ಬ್ರಾಕೆಟ್ ಹಿಂದೆ ಯಾರೂ ಬಳಿಯುವುದಿಲ್ಲ.

ಇನ್ನು ಪೇಂಟರ್ ಮಾತು. ತಾಮ್ರದ್ದು ಪ್ರೈಮರ್ ಅಂದಿದ್ದು ಫೋಟೊ ನೋಡಿ ಹೇಳಿದ ಊಹೆ. ರೆಡ್ ಆಕ್ಸೈಡ್ ಪ್ರೈಮರ್ ಇಟ್ಟಂಗಿ ಪುಡಿಯ ಹಾಗೆ ಮಂಕಾಗಿರುತ್ತದೆ. ಮಿನುಗೋದಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇದೆಯಲ್ಲ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು, ಅದನ್ನು ತೆಗೆದುಕೊಂಡು ಹೋಗಿ. ಬಿಸಿಲಿನಲ್ಲಿ ಆ ತಾಮ್ರದ ಜಾಗ ನೋಡಿ. ಒಳಗೆ ಸಣ್ಣ ಸಣ್ಣ ಲೋಹದ ಚೂರು ಮಿಂಚಿದರೆ ಅದು ಪ್ರೈಮರ್ ಅಲ್ಲ, ಮೇಲ್ಬಣ್ಣ. ಆದರೆ ಅಷ್ಟಕ್ಕೇ ಕಂಪನಿಯದು ಅನ್ನುವ ಹಾಗಿಲ್ಲ. ತೇರಿಗೆ, ಮೂರ್ತಿಗೆ ಬಳಿಯುವ ಬಂಗಾರದ ಪುಡಿ ಬಣ್ಣವನ್ನು ಯಾರೋ ಪ್ರೀತಿಯಿಂದ ಎಂಜಿನ್‌ಗೂ ಬಳಿದಿರಬಹುದು. ಹಾಗಾಗಿ ಬ್ರಷ್ ಗೆರೆ ಇದೆಯಾ ನೋಡಿ. ಕಾರ್ಖಾನೆಯ ಸ್ಪ್ರೇ ಬಣ್ಣದಲ್ಲಿ ಬ್ರಷ್ ಗೆರೆ ಇರೋದಿಲ್ಲ.

ಬಣ್ಣಕ್ಕೆ ಮುಂಚೆ ಎಂಜಿನ್ ನೋಡಿ. ಇಂಜೆಕ್ಟರ್ ಎಷ್ಟಿವೆ ಎಣಿಸಿ, ಸಿಲಿಂಡರಿಗೆ ಒಂದರಂತೆ ಇರುತ್ತವೆ. ಎಫ್‌ಇ35 ಡೀಸೆಲ್‌ಗೂ ಮೊದಮೊದಲ ಕೆಂಪು 35ಕ್ಕೂ ಸ್ಟ್ಯಾಂಡರ್ಡ್ ಕಂಪನಿಯ 4 ಸಿಲಿಂಡರ್ 23ಸಿ ಎಂಜಿನ್ ಇತ್ತು. ಚಳಿಗೆ ಸ್ಟಾರ್ಟ್ ಆಗಲು ಸತಾಯಿಸುವ ಎಂಜಿನ್ ಅದು. ಕಾಕಾಗೆ ಕೇಳಿದರೆ ಮಾರ್ಗಶಿರದ ಬೆಳಗಿನ ಕಥೆ ಹೇಳಿಯಾರು. 1959ರಲ್ಲಿ ಅದರ ಜಾಗಕ್ಕೆ 3 ಸಿಲಿಂಡರ್ ಪರ್ಕಿನ್ಸ್ ಬಂತು. ಅಷ್ಟರಲ್ಲಿ ಬಣ್ಣ ಕೆಂಪು-ಬೂದು ಆಗಿತ್ತು. ನಿಮ್ಮದರಲ್ಲಿ 3 ಸಿಲಿಂಡರ್ ಇದ್ದು ಅದರ ಬ್ಲಾಕಿನ ಮೇಲೂ ತಾಮ್ರದ ಬಣ್ಣ ಇದ್ದರೆ, ಆ ತಾಮ್ರ ಕಾರ್ಖಾನೆಯದಲ್ಲ. 3 ಸಿಲಿಂಡರ್ ಎಂಜಿನ್ ಮೇಲೆ ತಾಮ್ರ ಇಲ್ಲದೆ, ಗೇರ್‌ಬಾಕ್ಸ್ ಮೇಲೆ ಮಾತ್ರ ಇದ್ದರೆ, ಎಂಜಿನ್ ಬದಲಾಗಿರಬಹುದು. 4 ಸಿಲಿಂಡರ್ ಇದ್ದರೆ ದಾರಿ ತೆರೆದಿದೆ.

ಹೀಗೆ ಭಾಗ ಭಾಗವಾಗಿ ನೋಡಬೇಕು ಅನ್ನುವುದೇ ಈ ಕೆಲಸದ ಬೇರು. "ಈ ಟ್ರ್ಯಾಕ್ಟರ್ ಒರಿಜಿನಲ್ ಬಣ್ಣದಲ್ಲಿ ಇದೆಯಾ" ಅಂತ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗೋದಿಲ್ಲ. ಅರವತ್ತೈದು ವರ್ಷ ದುಡಿದ ಗಾಡಿ ಅದು. ಗೇರ್‌ಬಾಕ್ಸ್ ಹೌಸಿಂಗ್ ಹುಟ್ಟಿದಾಗಿನದೇ ಇರಬಹುದು. ಎಡ ಮಡ್‌ಗಾರ್ಡ್ ಇನ್ನೊಂದು ಗಾಡಿಯದು ಇರಬಹುದು. ಬಾನೆಟ್ ಮೀರಜದ ಗುಜರಿಯಿಂದ ಬಂದಿರಬಹುದು. "ಎಲ್ಲಕ್ಕಿಂತ ಕೆಳಗಿನ ಪದರವೇ ಕಂಪನಿಯದು" ಅನ್ನುವ ನಂಬಿಕೆ ಎಡವುವುದು ಇಲ್ಲೇ. ಬದಲಿ ಬಾನೆಟ್‌ನ ಕೆಳಪದರ ಆ ಬಾನೆಟ್‌ನ ಕಥೆ ಹೇಳುತ್ತದೆ, ನಿಮ್ಮ ಟ್ರ್ಯಾಕ್ಟರ್ ಕಥೆ ಅಲ್ಲ. ಯಾರಾದರೂ ಒಮ್ಮೆ ಬರಿ ಕಬ್ಬಿಣದ ತನಕ ಉಜ್ಜಿ ಮತ್ತೆ ಬಳಿದಿದ್ದರೆ, ಆಗಲೂ ಕೆಳಪದರ ಕಾರ್ಖಾನೆಯದಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ನಾನು ಯಾವಾಗಲೂ ಬೋಲ್ಟಿನಿಂದ ಶುರು ಮಾಡುತ್ತೇನೆ. ಗೇರ್‌ಬಾಕ್ಸ್ ಮೇಲಿನ ಒಂದು ಬೋಲ್ಟ್ ಆರಿಸಿಕೊಳ್ಳಿ. ಅದರ ಆರು ಮೂಲೆ ನೋಡಿ. ಪಾನಾ ಹಾಕಿ ತಿರುಗಿಸಿದ್ದರೆ ಮೂಲೆಯಲ್ಲಿ ಬಣ್ಣ ಸವೆದಿರುತ್ತದೆ, ಕಬ್ಬಿಣ ಕಂಡಿರುತ್ತದೆ, ಆಮೇಲೆ ಬಳಿದ ಬಣ್ಣ ಆ ಗಾಯದ ಒಳಗೆ ಇಳಿದಿರುತ್ತದೆ. ಯಾರೂ ತಿರುಗಿಸದ ಬೋಲ್ಟಿನಲ್ಲಿ ಹೌಸಿಂಗ್, ವಾಷರ್, ಬೋಲ್ಟಿನ ತಲೆ ಮೂರರ ಮೇಲೂ ಬಣ್ಣ ಒಂದೇ ಚರ್ಮದ ಹಾಗೆ, ಎಲ್ಲೂ ಬಿರುಕಿಲ್ಲದೆ ಹರಡಿರುತ್ತದೆ. ಸಾಸವಡದ ಹತ್ತಿರ ಒಂದು ಶೆಡ್ಡಿನಲ್ಲಿ ಟಾರ್ಚ್ ಹಿಡಿದು ಅಂಥ ಒಂದು ಬೋಲ್ಟ್ ನೋಡಿದ್ದೆ. ವಾಷರ್ ಅಂಚಿನಿಂದ ಬಣ್ಣದ ಒಂದು ಹನಿ ಇಳಿದು, ಅಕ್ಕಿ ಕಾಳಿನಷ್ಟು ದಪ್ಪವಾಗಿ ಹಾಗೇ ಗಟ್ಟಿಯಾಗಿ ನಿಂತಿತ್ತು. ಗಾಡಿ ಜೋಡಿಸಿದ ಮೇಲೆ ಸ್ಪ್ರೇ ಹೊಡೆದ ಕೈಯ ಗುರುತು ಅದು. ಅದನ್ನು ಕಂಡಾಗ ಆಗುವ ಸಂತೋಷ ಹೇಳಿ ತಿಳಿಸೋದು ಕಷ್ಟ.

ಹನಿ ಅಂದ ಕೂಡಲೇ ಇನ್ನೊಂದು ತಪ್ಪು ನಂಬಿಕೆ ನೆನಪಾಯಿತು. ಕಂಪನಿ ಬಣ್ಣ ಅಂದರೆ ಕನ್ನಡಿ ಹಾಗೆ ನಯವಾಗಿರಬೇಕು ಅಂತ ಜನ ತಿಳಿಯುತ್ತಾರೆ. ಅವು ಹೊಲ ಉಳಲು ಮಾಡಿದ ಗಾಡಿಗಳು. ಎರಕದ ಕಬ್ಬಿಣದ ಒರಟು ಹಾಗೇ ಕಾಣುತ್ತಿತ್ತು. ಸ್ಪ್ರೇ ತಲುಪದ ಮೂಲೆಯಲ್ಲಿ ಬಣ್ಣ ತೆಳುವಾಗಿ, ಎದುರಿಗೆ ಸಿಕ್ಕ ಕಡೆ ದಪ್ಪವಾಗಿ ಇರುತ್ತಿತ್ತು. ಗೇರ್‌ಬಾಕ್ಸ್ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಎರಕದ ಮೇಲೆ ಪುಟ್ಟಿ ತುಂಬಿ ನಯ ಮಾಡಿದ್ದರೆ, ಅದು ಖಂಡಿತ ಆಮೇಲಿನ ಕೆಲಸ.

ಬೋಲ್ಟ್ ಆದ ಮೇಲೆ ಮುಚ್ಚಿದ ಜಾಗಗಳು. ಡೀಸೆಲ್ ಟ್ಯಾಂಕಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಬಾನೆಟ್ ಒಳಮೈ, ಸ್ಟಾರ್ಟರ್ ಮೋಟರ್ ಕೂರುವ ಸುತ್ತ, ಮಡ್‌ಗಾರ್ಡ್ ಆಕ್ಸಲ್‌ಗೆ ಅಂಟಿಕೊಳ್ಳುವ ಸಂದು, ಸೀಟಿನ ಬುಡ. ಹೊಟ್ಟೆ ಕೆಳಗೆ ಆಯಿಲ್ ಸೋರಿ, ಧೂಳು ಕೂತು, ಕರಿ ಕೆಸರು ಗಟ್ಟಿಯಾಗಿರುತ್ತದಲ್ಲ, ಅದನ್ನು ಶಪಿಸಬೇಡಿ. ಇಷ್ಟು ವರ್ಷ ಆ ಜಿಡ್ಡೇ ಬಣ್ಣವನ್ನು ಕಾಪಾಡಿದೆ. ಸ್ವಲ್ಪ ಡೀಸೆಲ್ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಮರದ ಚಕ್ಕೆಯಿಂದ ನಿಧಾನಕ್ಕೆ ಎಬ್ಬಿಸಿ. ಲೋಹದ ಸ್ಕ್ರೇಪರ್ ಬೇಡ, ಪ್ರೆಶರ್ ವಾಷರ್ ಬೇಡ. ಗೇರ್‌ಬಾಕ್ಸಿನ ತಳದಲ್ಲಿ ಜಿಡ್ಡಿನ ಕೆಳಗೆ ತಾಮ್ರದ ಮಿನುಗು, ಬ್ರಷ್ ಗೆರೆ ಇಲ್ಲದೆ, ಬಿಚ್ಚದ ಬೋಲ್ಟುಗಳ ಮೇಲೂ ಸಮನಾಗಿ ಸಿಕ್ಕರೆ, ನನ್ನ ಲೆಕ್ಕದಲ್ಲಿ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ಗಾಡಿ ನಂಬರಿನ ಪ್ಲೇಟನ್ನು ಮಾತ್ರ ಬಿಚ್ಚಬೇಡಿ. ಅದರ ಹಿಂದೆ ಒಳ್ಳೆ ಬಣ್ಣ ಇರುತ್ತದೆ, ನಿಜ. ಆದರೆ ರಿವೆಟ್ ಒಡೆದ ಪ್ಲೇಟು ನೋಡಿದರೆ ಆರ್‌ಟಿಒದವರಿಗೂ ಅನುಮಾನ, ಸಂಗ್ರಹಕಾರರಿಗೂ ಅನುಮಾನ. ಅದರ ಅಂಚಿನಲ್ಲಿ ಕಾಣುವಷ್ಟೇ ಸಾಕು.

ಆಮೇಲೆ ಉಂಗುರ ತೆಗೆಯುವ ಕೆಲಸ. ಬಾನೆಟ್ ಮೇಲೆ ಕಣ್ಣಿಗೆ ಬೀಳದ ಒಂದು ಕಡೆ, ಹೆಬ್ಬೆರಳಿನಷ್ಟು ಜಾಗ ಸಾಕು. 400 ನಂಬರಿನ ವಾಟರ್ ಪೇಪರ್, ನೀರು, ಒಂದು ಹನಿ ಸೋಪು. ಸುತ್ತು ಸುತ್ತಾಗಿ ಉಜ್ಜಿ. ಲೋಹ ಒಂದು ಚುಕ್ಕಿಯಷ್ಟು ಕಂಡ ಕೂಡಲೇ ನಿಲ್ಲಿಸಿ. ಆಮೇಲೆ 800, ಆಮೇಲೆ 1200 ಹಚ್ಚಿ ನಯ ಮಾಡಿ. ಈರುಳ್ಳಿ ಅಡ್ಡ ಕೊಯ್ದ ಹಾಗೆ ಬಣ್ಣಗಳ ಉಂಗುರ ಕಾಣುತ್ತವೆ. ನಡುವಿನ ಲೋಹ, ಪ್ರೈಮರ್, ಮೊದಲ ಬಣ್ಣ, ಆಮೇಲಿನ ಬಣ್ಣ, ಹೀಗೆ. ಪಕ್ಕಕ್ಕೆ ಸ್ಕೇಲ್ ಇಟ್ಟು ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಇದೇ ಕೆಲಸ ಎರಡೂ ಮಡ್‌ಗಾರ್ಡ್ ಮೇಲೆ, ಗ್ರಿಲ್ ಮೇಲೆ ಮಾಡಿ. ಎಲ್ಲ ಕಡೆ ಉಂಗುರಗಳ ಸಾಲು ಒಂದೇ ಥರ ಇದ್ದರೆ ಆ ಭಾಗಗಳು ಒಟ್ಟಿಗೇ ಬಾಳಿವೆ. ಒಂದು ಮಡ್‌ಗಾರ್ಡಿನಲ್ಲಿ ಬೂದು ಉಂಗುರವೇ ಇಲ್ಲದಿದ್ದರೆ ಅದು ಹೊರಗಿನಿಂದ ಬಂದದ್ದು.

ಉಂಗುರ ಎಣಿಸಿದರೆ ಸಾಲದು, ಎರಡು ಉಂಗುರದ ನಡುವಿನ ಗೆರೆಯನ್ನೂ ಭೂತಗನ್ನಡಿಯಲ್ಲಿ ನೋಡಬೇಕು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಬೂದು ಮತ್ತು ಕೆಂಪಿನ ನಡುವೆ ಕೊಳೆಯ ಕಪ್ಪು ಗೆರೆ, ಬಿಸಿಲಿಗೆ ಪುಡಿಯಾದ ಬೂದು, ತುಕ್ಕಿನ ಚುಕ್ಕೆಗಳ ಮೇಲೆ ಹತ್ತಿದ ಕೆಂಪು ಕಂಡರೆ, ಗಾಡಿ ವರ್ಷಗಟ್ಟಲೆ ಬೂದಾಗಿಯೇ ದುಡಿದಿದೆ. ಕೆಂಪು ಊರಿನಲ್ಲಿ ಬಂದದ್ದು. ಅದರ ಬದಲು ಬೂದು ಹೊಚ್ಚ ಹೊಸದರ ಹಾಗೆ ಇದ್ದು, ಗಾಯವಿಲ್ಲದೆ, ಅದರ ಮೇಲೆ ಕೆಂಪು ಶುದ್ಧವಾಗಿ ಕೂತಿದ್ದರೆ, ಅಜ್ಜ ಕೊಳ್ಳುವ ಮುಂಚೆಯೇ ಯಾರೋ ಕೆಂಪು ಹೊಡೆದಿರಬಹುದು. ಹೊಸ ಬಣ್ಣದ ಗಾಡಿ ಬಂದ ಮೇಲೆ ಹಳೆ ಬಣ್ಣದ ದಾಸ್ತಾನು ಖರ್ಚಾಗಬೇಕಲ್ಲ. ಹಾಗೆ ಆಗಿದ್ದರೆ ನಿಮ್ಮ ಕಾಕಾ ಮಾತೂ ನಿಜ, ಕೆಳಗಿನ ಬೂದೂ ನಿಜ. ಕಾರ್ಖಾನೆ ಬಣ್ಣ ಬೂದು-ತಾಮ್ರ, ನಿಮ್ಮ ಮನೆಗೆ ಬಂದ ಬಣ್ಣ ಕೆಂಪು-ಬೂದು ಅಂತ ಎರಡನ್ನೂ ಬರೆದಿಡಬೇಕಾಗುತ್ತದೆ.

ತಿನ್ನರ್ ಪರೀಕ್ಷೆ ಬಗ್ಗೆ ನಿಮಗೆ ಹತ್ತು ಜನ ಹೇಳುತ್ತಾರೆ. ಹತ್ತಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ತಿನ್ನರ್ ಹಾಕಿ ಒರೆಸಿದರೆ ಡ್ಯೂಕೋ, ಅಂದರೆ ಬೇಗ ಒಣಗುವ ಹಳೆ ಕಾಲದ ಸ್ಪ್ರೇ ಬಣ್ಣ, ಕೂಡಲೇ ಕರಗಿ ಹತ್ತಿಗೆ ಬರುತ್ತದೆ. ಬ್ರಷ್ಷಿನಿಂದ ಬಳಿದ ಎನಾಮೆಲ್ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. 2ಕೆ ಅಲ್ಲಾಡುವುದಿಲ್ಲ. 2ಕೆ 1950ರ ದಶಕದ ಟ್ರ್ಯಾಕ್ಟರ್ ಬಣ್ಣ ಅಲ್ಲ, ಹಾಗಾಗಿ ಅದು ಸಿಕ್ಕರೆ ಆಮೇಲಿನದು ಅಂತ ಗೊತ್ತಾಗುತ್ತದೆ. ಆದರೆ ಒಲೆಯಲ್ಲಿ ಬೇಯಿಸಿದ ಹಳೆ ಎನಾಮೆಲ್ ಕೂಡ ತಿನ್ನರ್‌ಗೆ ಸುಲಭಕ್ಕೆ ಬಗ್ಗೋದಿಲ್ಲ. ಹಾಗಾಗಿ ಈ ಪರೀಕ್ಷೆ ಒಂದನ್ನೇ ನಂಬಿ ತೀರ್ಪು ಕೊಡಬೇಡಿ. ಬಣ್ಣದ ದಪ್ಪ ಅಳೆಯುವ ಮೈಕ್ರಾನ್ ಮೀಟರ್ ಕೂಡ ಅಷ್ಟೇ. ಬಾನೆಟ್ ತಗಡಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಪುಟ್ಟಿ ಎಲ್ಲಿದೆ ಅಂತ ಹೇಳುತ್ತದೆ. ಒರಟು ಎರಕದ ಮೇಲೆ ಅದರ ಅಂಕಿ ನಂಬಬೇಡಿ. ಮೀಟರ್ ಇಲ್ಲದಿದ್ದರೆ ತೆಳು ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತ ಸಾಕು. ಪುಟ್ಟಿ ದಪ್ಪ ಇದ್ದ ಕಡೆ ಅದು ಜಾರಿ ಬೀಳುತ್ತದೆ.

ಇಂಟರ್ನೆಟ್ ಫೋಟೊಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಇದೇ 35 ಟ್ರ್ಯಾಕ್ಟರ್ ಅಮೆರಿಕದ ಡೆಟ್ರಾಯಿಟ್‌ನಲ್ಲೂ ತಯಾರಾಗುತ್ತಿತ್ತು. ಅಲ್ಲಿ ಟಿಒ35 ಅಂತ ಹೆಸರು, ಅದರ ಹೊಟ್ಟೆ ಹಸಿರು. ಅದನ್ನು ನೋಡಿ "ಅಯ್ಯೋ, ನಮ್ಮದು ತಪ್ಪು ಬಣ್ಣ" ಅಂತ ಗಾಬರಿಯಾದವರು ನನಗೆ ಗೊತ್ತು. ನಿಮ್ಮದು ಎಲ್ಲಿಯ ಕಾರ್ಖಾನೆಯದು ಅಂತ ಪ್ಲೇಟಿನ ಮೇಲೆ ಓದಿಕೊಂಡೇ ಚಿತ್ರ ಹೋಲಿಸಿ. ಬಾನೆಟ್ ಮುಂದಿನ ಬ್ಯಾಡ್ಜ್ ಫರ್ಗ್ಯೂಸನ್‌ದಾ, ಮ್ಯಾಸ್ಸಿ ಫರ್ಗ್ಯೂಸನ್‌ದಾ, ಅದರ ಹಿಂದೆ ಒಳಗಡೆಯಿಂದ ಮುಚ್ಚಿದ ಹಳೆ ತೂತುಗಳಿವೆಯಾ ಅನ್ನುವುದನ್ನೂ ನೋಡಿ. ಹಳೆ ಆರ್‌ಸಿ ಪುಸ್ತಕ ಮನೆಯ ಟ್ರಂಕಿನಲ್ಲಿ ಇದ್ದರೆ ಅದರ ಬಣ್ಣದ ಕಾಲಂ ನೋಡಿ. ಆದರೆ ಅದು ನಕಲು ಪುಸ್ತಕವಾಗಿದ್ದರೆ, ಅದನ್ನು ಬರೆದ ದಿನದ ಬಣ್ಣವೇ ಅಲ್ಲಿರುತ್ತದೆ.

ಈಗ ಬಣ್ಣ ಹೊಡೆಸಲೋ ಬೇಡವೋ ಅನ್ನುವ ಮಾತು.

ತಾಮ್ರ-ಬೂದು ನಿಜವೇ ಅಂತ ಖಾತ್ರಿಯಾಗಿ, ಅದು ಗೇರ್‌ಬಾಕ್ಸ್ ಮೇಲೆ ಸಾಕಷ್ಟು ಉಳಿದಿದ್ದರೆ, ನನ್ನ ಅಭಿಪ್ರಾಯ ಸ್ಪಷ್ಟ: ಹೊಟ್ಟೆಯ ಭಾಗಕ್ಕೆ ಹೊಸ ಬಣ್ಣ ಬೇಡ. ಮೇಲಿನ ಬೂದನ್ನು ಮಾತ್ರ ನಿಧಾನವಾಗಿ ತೆಗೆಸಿ. ಮೇಲಿನದು ಬ್ರಷ್ಷಿನ ಆಯಿಲ್ ಪೇಂಟ್ ಆಗಿದ್ದು, ಕೆಳಗಿನದು ಗಟ್ಟಿ ಇದ್ದರೆ, ತಿನ್ನರನ್ನು ಹತ್ತಿಯಲ್ಲಿ ಸ್ವಲ್ಪ ಸ್ವಲ್ಪ ಹಚ್ಚಿ, ಮೆತ್ತಗಾದದ್ದನ್ನು ಪ್ಲಾಸ್ಟಿಕ್ ಚಕ್ಕೆಯಿಂದ ಎಬ್ಬಿಸಬಹುದು. ಅಂಗೈಯಷ್ಟು ಜಾಗಕ್ಕೆ ಅರ್ಧ ದಿನ ಹಿಡಿಯುತ್ತದೆ. ಕೆಲವು ಕಡೆ ಕೆಳಬಣ್ಣವೂ ಎದ್ದು ಬರುತ್ತದೆ, ಅದಕ್ಕೆ ಸಿದ್ಧರಾಗಿರಿ. ಗಂಟೆ ಲೆಕ್ಕದಲ್ಲಿ ಕೂಲಿ ಕೇಳುವ ಕೆಲಸ ಇದು, ಅಗ್ಗ ಅಲ್ಲ.

ಕೆಂಪನ್ನು ಹಾಗೇ ಬಿಡುವುದೂ ಒಂದು ದಾರಿ. ಅದು ನಿಮ್ಮ ಮನೆಯ ಕೆಂಪು. ಕಾಕಾ ಕಂಡ ಕೆಂಪು. ತೊಳೆದು, ತುಕ್ಕು ಇದ್ದ ಕಡೆ ಮಾತ್ರ ಅದು ಹರಡದಂತೆ ತಡೆದು, ಮೇಲೆ ಮೇಣ ಹಚ್ಚಿ ಇಡಬಹುದು. ಇದರ ತೊಂದರೆ ಅಂದರೆ ಮಳೆ. ತಳೇಗಾವದ ಮಳೆಗಾಲ ಅಥಣಿಯದಲ್ಲ. ಅಲ್ಲಿ ಒಣಗಿದ ಶೆಡ್ಡಿನಲ್ಲಿ ಅರವತ್ತು ವರ್ಷ ಉಳಿದ ಬಣ್ಣ ಇಲ್ಲಿ ಎರಡು ಮಳೆಗಾಲದಲ್ಲಿ ಚಕ್ಕೆ ಏಳಬಹುದು. ಸುತ್ತ ಗಾಳಿ ಆಡುವ ಶೆಡ್, ಸಿಮೆಂಟ್ ನೆಲ ಇಲ್ಲದೆ ತರಬೇಡಿ. ತಾಡಪಾಲು ಬಿಗಿಯಾಗಿ ಸುತ್ತಿದರೆ ಒಳಗೆ ಬೆವರು ಕೂತು ತುಕ್ಕು ಜಾಸ್ತಿಯೇ ಆಗುತ್ತದೆ. ಕೆಲವರು ಅಗಸೆ ಎಣ್ಣೆ ಬಳಿಯಲು ಹೇಳುತ್ತಾರೆ. ಬಣ್ಣ ಕಪ್ಪಾಗುತ್ತದೆ, ಧೂಳು ಅಂಟುತ್ತದೆ, ಮುಂದೆ ಬೇರೆ ಬಣ್ಣ ಹಿಡಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೇ ಕಾವು ಏರಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಮೂಲ ಬಣ್ಣ ಅಲ್ಲಲ್ಲಿ ಚುಕ್ಕೆಯಷ್ಟೇ ಉಳಿದು, ಉಳಿದದ್ದೆಲ್ಲ ತುಕ್ಕು ಆಗಿದ್ದರೆ ಹೊಸ ಬಣ್ಣ ಹೊಡೆಸುವುದರಲ್ಲಿ ತಪ್ಪಿಲ್ಲ. ಆಗಲೂ ಪೂರ್ತಿ ಬ್ಲಾಸ್ಟಿಂಗ್ ಬೇಡ. ತೆಳು ತಗಡು ಅದರ ಹೊಡೆತಕ್ಕೆ ಸೊಟ್ಟಗಾಗುತ್ತದೆ. ಜೋಡಿಸಿದ ಗೇರ್‌ಬಾಕ್ಸ್‌ಗೆ ಮರಳು ಹೊಡೆದರೆ ಸೀಲ್, ಬ್ರೀದರ್ (ಗಾಳಿ ಆಡುವ ತೂತು) ದಾರಿಯಾಗಿ ಒಳಗೆ ಹೋಗಿ ಬೇರಿಂಗ್ ತಿನ್ನುತ್ತದೆ. ಹೊಡೆಯುವ ಹುಡುಗನ ಶ್ವಾಸಕೋಶದ ಗತಿ ಅದಕ್ಕಿಂತ ಕೆಟ್ಟದು. ಬಣ್ಣ ಹೊಡೆಯುವ ಮುಂಚೆ ಪುಸ್ತಕದಷ್ಟು ದೊಡ್ಡ ಎರಡು ಜಾಗ, ಒಂದು ಬಾನೆಟ್ ಒಳಗೆ, ಒಂದು ಗೇರ್‌ಬಾಕ್ಸ್ ತಳದಲ್ಲಿ, ಟೇಪ್ ಹಚ್ಚಿ ಮುಟ್ಟದೆ ಬಿಡಿ. ಮುಂದೆ ಯಾರು ಕೇಳಿದರೂ ತೋರಿಸಲು ಸಾಕ್ಷಿ ಇರುತ್ತದೆ.

ಬಣ್ಣ ಹೊಂದಿಸುವಾಗ ಪುಣೆಯ ನಾನಾ ಪೇಠದ ಅಂಗಡಿಯವರು ಕಂಪ್ಯೂಟರ್ ಮ್ಯಾಚಿಂಗ್ ಮಾಡಿ ಕೊಡುತ್ತಾರೆ. ಬೂದಿಗೆ ಸರಿ, ತಾಮ್ರದ ಮಿನುಗಿಗೆ ಅದು ಅರ್ಧ ಮಾತ್ರ ನೆರವಾಗುತ್ತದೆ. ಮಾದರಿ ಎಲ್ಲಿಂದ ಕೊಡುತ್ತೀರಿ ಅನ್ನುವುದು ಮುಖ್ಯ. ಬಿಸಿಲು ಕಂಡ ಕಡೆಯದು ಬಿಳಚಿಕೊಂಡಿರುತ್ತದೆ. ಪೂರ್ತಿ ಕತ್ತಲಲ್ಲಿ ಇದ್ದ ಎನಾಮೆಲ್ ಹಳದಿಗೆ ತಿರುಗಿರುತ್ತದೆ, ಬೂದಿನಲ್ಲಿ ಅದು ಬೇಗ ಗೊತ್ತಾಗುತ್ತದೆ. ಅಂಥ ಚಕ್ಕೆಯನ್ನು ಕೆಲವು ದಿನ ಕಿಟಕಿಯ ಬೆಳಕಿನಲ್ಲಿ ಇಟ್ಟರೆ ಹಳದಿ ಕಡಿಮೆಯಾಗುತ್ತದೆ, ಆಮೇಲೆ ಹೋಲಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಪ್ಪಬೇಡಿ. ಹೊರಗೆ ಬಂದು ಹಗಲಲ್ಲಿ ನೋಡಿ. ಇನ್ನೊಂದು, ಗಾಡಿ ರಸ್ತೆಗೆ ಇಳಿಯುವುದಿದ್ದರೆ ಆರ್‌ಸಿಯಲ್ಲಿ ಇರುವ ಬಣ್ಣ ಬದಲಾಗುತ್ತದೆ ಅಂತ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಆರೋಗ್ಯದ ಮಾತನ್ನು ನಾನು ಬಿಡುವುದಿಲ್ಲ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವುದು ಸಾಮಾನ್ಯ. ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಮತ್ತು ಹಳೆ ಪ್ರೈಮರ್‌ಗಳಲ್ಲಿ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ. ಹಾಗಾಗಿ ಒಣ ಉಜ್ಜಾಟ ಬೇಡವೇ ಬೇಡ, ಗ್ರೈಂಡರ್ ಬೇಡ. ಯಾವಾಗಲೂ ನೀರು ಹಾಕಿ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ, ಕೈ ತೊಳೆದು ಊಟ ಮಾಡಿ. ಮಕ್ಕಳನ್ನು ಶೆಡ್ಡಿನ ಹತ್ತಿರ ಬಿಡಬೇಡಿ. 2ಕೆ ಹೊಡೆಸುವುದಾದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ, ಉಸಿರಿಗೆ ಅಪಾಯಕಾರಿಯಾದ ರಾಸಾಯನಿಕ ಇರುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯೋದಿಲ್ಲ, ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಬೇಕು. ಆ ಸಲಕರಣೆ ಇಲ್ಲದ ಪೇಂಟರ್ ಕೈಗೆ ಈ ಕೆಲಸ ಕೊಡಬೇಡಿ. ಅವರ ಜೀವದ ದೃಷ್ಟಿಯಿಂದ ಹೇಳುತ್ತಿದ್ದೇನೆ.

ಮುಂದಿನ ಸಲ ಊರಿಗೆ ಹೋಗುವಾಗ ಟಾರ್ಚು, ಭೂತಗನ್ನಡಿ, ವಾಟರ್ ಪೇಪರ್, ಒಂದು ಲೀಟರ್ ಡೀಸೆಲ್ ಜೊತೆಗಿರಲಿ. ಕಾಕಾನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಮಡ್‌ಗಾರ್ಡ್ ಯಾವಾಗ ಬದಲಾಯಿತು, ಬಾನೆಟ್ ಎಲ್ಲಿ ಜಜ್ಜಿತ್ತು, ಯಾವ ವರ್ಷ ಯಾರು ಬಳಿದರು ಅಂತ ಕೇಳಿ ಬರೆದುಕೊಳ್ಳಿ. ಉಂಗುರಗಳಿಗೆ ತಾರೀಖು ಹಾಕಲು ಅವರ ಬಿಟ್ಟು ಬೇರೆ ಯಾರೂ ಇಲ್ಲ. ಇಂಜೆಕ್ಟರ್‌ಗಳದು, ಗೇರ್‌ಬಾಕ್ಸ್ ತಳದ ಬೋಲ್ಟ್‌ಗಳದು, ಬಾನೆಟ್ ಉಂಗುರದ್ದು, ಈ ಮೂರು ಫೋಟೊ ಕಳಿಸಿದರೆ ನಾನು ಇನ್ನೂ ಖಚಿತವಾಗಿ ಹೇಳಬಲ್ಲೆ. ಅಷ್ಟರೊಳಗೆ ಖಂಡೇನವಮಿ ಬಂದರೆ, ಈ ಸಲ ಬ್ರಷ್ ಎತ್ತಬೇಡಿ ಅಂತ ಮನೆಯವರಿಗೆಲ್ಲ ಹೇಳಿಬಿಡಿ. ತೊಳೆದು, ಹಾರ ಹಾಕಿ, ಕುಂಬಳಕಾಯಿ ಒಡೆದು ಪೂಜೆ ಮಾಡಲಿ.